ಊರವರು ಮತ್ತು ನೋಡಬಂದವರು

ಕಳೆದ ಡಿಸೆಂಬರಿನಲ್ಲಿ ನಮ್ಮ ವಿಭಾಗದ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಮುಂಬಯಿಗೆ ಕೈಗೊಂಡ ಅಧ್ಯಯನ ಪ್ರವಾಸದ ವರದಿ ಈ ವಾರ್ತಾಪತ್ರದ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾಗಿದೆ. ನೋಡಿದ ಸ್ಥಳಗಳು, ಕೇಳಿದ ಉಪನ್ಯಾಸಗಳು, ತಂಗಿದ ದಿನಗಳು ಎಲ್ಲವೂ ಅದರಲ್ಲಿ ಕ್ರಮವಾಗಿ ಬಂದಿವೆ. ವರದಿಗೆ ಸೇರದೆ ಉಳಿದುಹೋದ ಒಂದು ಪ್ರಶ್ನೆ ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದನ್ನು ಕೇಳಿದವನು ಜತ್ತ ತಾಲೂಕಿನ ಹಳ್ಳಿಯೊಂದರ ವಿದ್ಯಾರ್ಥಿ; ಕೇಳಿದ ಸ್ಥಳ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಮುಂದಿನ ಕಾಲುದಾರಿ.

ಸೊಲ್ಲಾಪುರದಿಂದ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಬೆಳಗಾಗುವಷ್ಟರಲ್ಲಿ ಮುಂಬಯಿಯನ್ನು ಸೇರಿದ್ದೆವು. ಸಾಮಾನುಗಳನ್ನು ವಸತಿಯಲ್ಲಿರಿಸಿ ಒಂಬತ್ತರ ಸುಮಾರಿಗೆ ಮತ್ತೆ ನಿಲ್ದಾಣದ ಎದುರಿಗೆ ಬಂದಾಗ ವಿದ್ಯಾರ್ಥಿಗಳೆಲ್ಲರೂ ಒಮ್ಮೆಲೇ ನಿಂತುಬಿಟ್ಟರು. 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಆ ಕಟ್ಟಡದ ಕೆಲಸ, ಅದರ ನಡುಗುಮ್ಮಟ, ಗುಮ್ಮಟದ ನೆತ್ತಿಯ ಮೇಲಿನ ಸ್ತ್ರೀಪ್ರತಿಮೆ, ಬಾಗಿಲಿನ ಕಂಬಗಳ ಮೇಲೆ ಕುಳಿತ ಸಿಂಹ ಮತ್ತು ಹುಲಿ, ಇವುಗಳನ್ನು ಮೊದಲ ಸಲ ಕಂಡವರು ನಿಲ್ಲದೆ ಇರುವುದು ಕಷ್ಟ. ಆದರೆ ಅದು ಕಚೇರಿಗೆ ಹೋಗುವ ಹೊತ್ತು. ನಿಲ್ದಾಣದ ಒಳಗಿನಿಂದ ಹೊರಬೀಳುತ್ತಿದ್ದ ಜನಪ್ರವಾಹ ನಮ್ಮ ಗುಂಪಿಗೆ ತಾಗಿ ಎರಡು ಕವಲಾಗಿ ಹರಿಯತೊಡಗಿತು. ಯಾರೂ ಬೈಯಲಿಲ್ಲ. ಒಬ್ಬರು 'ಸೈಡ್' ಎಂದರು, ಇನ್ನೊಬ್ಬರು ಅದನ್ನೂ ಹೇಳದೆ ಹೆಗಲನ್ನು ಓರೆ ಮಾಡಿ ದಾಟಿದರು. ಫೋಟೋ ಮಾರುವವನೂ, ಟ್ಯಾಕ್ಸಿಯವನೂ ಮಾತ್ರ ಅಷ್ಟು ಸಾವಿರ ಜನರ ನಡುವಿನಿಂದ ನಮ್ಮನ್ನೇ ಆರಿಸಿಕೊಂಡು ಬಳಿಗೆ ಬಂದರು. ಆಗ ಆ ವಿದ್ಯಾರ್ಥಿ ಕೇಳಿದ: "ಸರ್, ನಾವು ಹೊರಗಿನವರಂತ ಇವರಿಗೆ ಹೆಂಗ ಗೊತ್ತಾಗ್ತದ್ರಿ? ನಮ್ಮ ಅಂಗಿ ಪ್ಯಾಂಟೂ ಅವರಂಗ ಅದಾವಲ್ಲ?"

ಪ್ರಶ್ನೆ ಸರಳವಾಗಿದೆ, ಉತ್ತರ ಅಷ್ಟು ಸರಳವಲ್ಲ. ಮಹಾನಗರದ ನಿವಾಸಿಗೂ ಅದನ್ನು ನೋಡಲೆಂದು ಬಂದವನಿಗೂ ಇರುವ ಅಂತರವನ್ನು ನಾವು ಸಾಮಾನ್ಯವಾಗಿ ಉಡುಗೆಯಲ್ಲಿ ಹುಡುಕುತ್ತೇವೆ. ಅದು ಇರುವುದು ಬೇರೆಡೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಈ ಅಂತರವನ್ನು ಸರಿಯಾಗಿ ಅರಿಯದಿದ್ದರೆ ನಮ್ಮಂಥ ಗಡಿಯ ಕನ್ನಡಿಗರಿಗೆ ಒದಗುವ ನಷ್ಟ ದೊಡ್ಡದು ಎಂಬುದು ಇನ್ನೊಂದು ಅಭಿಪ್ರಾಯ. ಇವೆರಡನ್ನೂ ವಿದ್ಯಾರ್ಥಿಮಿತ್ರರ ಮುಂದಿಡುವುದಕ್ಕಾಗಿ ಈ ಬರಹ.

ಮೊದಲು ಉಡುಗೆಯನ್ನೇ ತೆಗೆದುಕೊಳ್ಳೋಣ. ನಮ್ಮ ಹಿರಿಯರ ಕಾಲದಲ್ಲಿ ಉಡುಗೆಯೆಂದರೆ ಊರಿನ ವಿಳಾಸವೇ ಆಗಿತ್ತು. ಧೋತರದ ಕಚ್ಚೆಯಿಂದ, ಪಟಕಾ ಸುತ್ತಿದ ರೀತಿಯಿಂದ, ಇಳಕಲ್ಲ ಸೀರೆಯ ಸೆರಗನ್ನು ಹೊದ್ದ ಬಗೆಯಿಂದ ಇವರು ಯಾವ ಸೀಮೆಯವರು ಎಂಬುದನ್ನು ಸಂತೆಯಲ್ಲಿ ನಿಂತವರು ಹೇಳಬಲ್ಲವರಾಗಿದ್ದರು. ಇಂದು ಜತ್ತದ ಹುಡುಗನೂ ದಾದರಿನ ಹುಡುಗನೂ ಒಂದೇ ಬಗೆಯ ಜೀನ್ಸ್ ತೊಡುತ್ತಾರೆ. ಅದೇ ಮೊಬೈಲು, ಅದೇ ಬೆನ್ನುಚೀಲ. ಬಟ್ಟೆಯ ಜಾತಿ ಒಂದೇ ಆಗಿರುವಾಗ ಭೇದ ಉಳಿಯುವುದು ಬಟ್ಟೆಯ ಉದ್ದೇಶದಲ್ಲಿ. ಮುಂಬಯಿಯ ನಿವಾಸಿ ತೊಡುವುದು ದುಡಿಮೆಯ ಉಡುಗೆ. ಮಳೆಗಾಲ ಬಂತೆಂದರೆ ದೊಡ್ಡ ಕಚೇರಿಯ ಅಧಿಕಾರಿಯೂ ರಬ್ಬರಿನ ಚಪ್ಪಲಿ ಮೆಟ್ಟಿ ಹೊರಡುತ್ತಾನೆ. ಬೂಟು ಕಚೇರಿಯ ಮೇಜಿನ ಕೆಳಗಿರುತ್ತದೆ. ಬೆವರಿಗೆ ಕರವಸ್ತ್ರ, ನಿಂತು ಕಳೆಯುವ ಒಂದೂವರೆ ಗಂಟೆಗೆ ಸವೆದು ಹದವಾದ ಮೆಟ್ಟು, ನೂಕುನುಗ್ಗಲಿಗೆ ಸಿಕ್ಕರೂ ಹರಿಯದ ಚೀಲ: ಹೀಗೆ ಅವನ ಮೈಮೇಲಿನ ಪ್ರತಿಯೊಂದು ವಸ್ತುವೂ ಒಂದು ಅನುಭವದಿಂದ ಆಯ್ದುಕೊಂಡದ್ದು.

ನೋಡಬಂದವನದು ಬಿಡುವಿನ ಉಡುಗೆ. ಅದು ಹೊಸದಾಗಿರುತ್ತದೆ, ಚಿತ್ರದಲ್ಲಿ ಚೆನ್ನಾಗಿ ಕಾಣಬೇಕೆಂಬ ಆಸೆ ಅದರಲ್ಲಿರುತ್ತದೆ. ನಮ್ಮ ತಂಡದಲ್ಲಿಯೇ ಆರೇಳು ಜನ ಪ್ರವಾಸಕ್ಕೆಂದು ಹೊಸ ಬೂಟು ಕೊಂಡಿದ್ದರು. ಎರಡನೆಯ ದಿನದ ಸಂಜೆಗೆ ಅವರೆಲ್ಲರ ಹಿಮ್ಮಡಿಗಳಿಗೆ ಪಟ್ಟಿ ಬಿದ್ದಿತ್ತು. ಕೊಲಾಬಾದ ಬೀದಿಯಲ್ಲಿ ಇದಕ್ಕಿಂತ ಸ್ವಾರಸ್ಯದ ದೃಶ್ಯವನ್ನು ಕಂಡೆವು. ಯುರೋಪಿನ ಪ್ರವಾಸಿಗಳು ಆನೆಯ ಚಿತ್ರವಿರುವ ಸಡಿಲವಾದ ಹತ್ತಿಯ ಪಾಯಜಾಮ ತೊಟ್ಟು, ಕೊರಳಿಗೆ ಮಣಿಸರ ಹಾಕಿ ತಿರುಗುತ್ತಿದ್ದರು. ಅವರ ಪಕ್ಕದಲ್ಲಿಯೇ ನಮ್ಮ ದೇಶದ ಸಣ್ಣ ಊರುಗಳಿಂದ ಬಂದ ಯುವಕರು ಮೊಣಕಾಲಿನವರೆಗಿನ ಚಡ್ಡಿ, ಕಪ್ಪು ಕನ್ನಡಕ, ಅಂಚು ಅಗಲವಾದ ಟೊಪ್ಪಿಗೆ ಧರಿಸಿದ್ದರು. ಇವರು ಅವರಂತೆ, ಅವರು ಇವರಂತೆ. ಇಬ್ಬರ ನಡುವೆ ಮಾರಾಟಕ್ಕೆ ನಿಂತ ಅಂಗಡಿಯವನೊಬ್ಬನೇ ಇಸ್ತ್ರಿ ಮಾಡಿದ ಸಾದಾ ಅಂಗಿಯಲ್ಲಿದ್ದ.

ಇದನ್ನು ಕಂಡು ನಗುವ ಮೊದಲು ನಮ್ಮ ಅಕ್ಕಲಕೋಟವನ್ನು ನೆನೆಯಬೇಕು. ಗುರುವಾರದಂದು, ಗುರುಪೂರ್ಣಿಮೆಯಂದು ಸ್ವಾಮಿ ಸಮರ್ಥರ ದರ್ಶನಕ್ಕೆ ಮುಂಬಯಿ ಪುಣೆಗಳಿಂದ ಬರುವ ಭಕ್ತರು ಯಾವ ವೇಷದಲ್ಲಿರುತ್ತಾರೆ? ಗಂಡಸರು ಬಿಳಿಯ ಇಲ್ಲವೆ ಕೇಸರಿ ಬಣ್ಣದ ಕುರ್ತಾ ತೊಟ್ಟಿರುತ್ತಾರೆ. ಎಷ್ಟೋ ಹೆಂಗಸರು ಒಂಬತ್ತು ಗಜದ ಸೀರೆಯನ್ನು ಅದೇ ದಿನಕ್ಕೆಂದು ಉಟ್ಟು ಬಂದಿರುತ್ತಾರೆ. ಅವರನ್ನು ನಿಲ್ದಾಣದಿಂದ ದೇವಸ್ಥಾನಕ್ಕೆ ಕರೆತರುವ ನಮ್ಮೂರಿನ ಆಟೋ ಹುಡುಗ ಮಾತ್ರ ಬಣ್ಣ ಮಾಸಿದ ಜೀನ್ಸಿನಲ್ಲಿರುತ್ತಾನೆ. ಮುಂಬಯಿಯಲ್ಲಿ ಪ್ರತಿದಿನ ದುಡಿಮೆಯ ಉಡುಗೆಯಲ್ಲಿ ಓಡುವ ಜನರೇ ಇಲ್ಲಿಗೆ ಬಂದಾಗ ನೋಡಬಂದವರಾಗುತ್ತಾರೆ. ಅಂದರೆ ಊರವ, ನೋಡಬಂದವ ಎಂಬುವು ಎರಡು ಜನಾಂಗಗಳಲ್ಲ. ಒಬ್ಬನೇ ಮನುಷ್ಯ ಹೋದ ಸ್ಥಳಕ್ಕೆ ತಕ್ಕಂತೆ ತಾಳುವ ಎರಡು ಸ್ಥಿತಿಗಳು. ನೋಡಬಂದವನು ತಾನು ಕಲ್ಪಿಸಿಕೊಂಡ ಊರಿಗಾಗಿ ಉಡುತ್ತಾನೆ. ಊರವನು ಇರುವ ಊರಿಗಾಗಿ ಉಡುತ್ತಾನೆ.

ಈ ನಿಯಮಕ್ಕೆ ಒಂದು ಅಪವಾದವುಂಟು. ಅದು ಜಾತ್ರೆ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡಾ ಯಾತ್ರೆಯಲ್ಲಿ ನಂದಿಧ್ವಜಗಳನ್ನು ಹೊರುವ ಭಕ್ತರು ಬಿಳಿಯ ಬಾರಾಬಂದಿ ತೊಟ್ಟು ಹೊರಡುತ್ತಾರೆ. ಆ ದಿನ ವಿಶೇಷ ಉಡುಗೆಯಲ್ಲಿರುವವರು ಊರವರು. ಮಾಮೂಲು ಬಟ್ಟೆಯಲ್ಲಿ ಬದಿಗೆ ನಿಂತು ಮೊಬೈಲು ಎತ್ತಿ ಹಿಡಿದವರು ನೋಡಬಂದವರು. ಆದ್ದರಿಂದ ಬಟ್ಟೆ ತನ್ನಷ್ಟಕ್ಕೆ ತಾನೇ ಏನನ್ನೂ ಹೇಳುವುದಿಲ್ಲ. ಅದನ್ನು ತೊಟ್ಟವನಿಗೆ ಆ ನೆಲದೊಂದಿಗೆ ಇರುವ ಸಂಬಂಧವೇನು ಎಂಬುದನ್ನು ತಿಳಿಯಲು ಅವನ ನಡೆಯನ್ನು ನೋಡಬೇಕು.

ನಡೆಯ ಪಾಠವನ್ನು ನಾವು ಕಲಿತದ್ದು ಲೋಕಲ್ ಗಾಡಿಯಲ್ಲಿ. ಮಾಟುಂಗಕ್ಕೆ ಹೋಗಬೇಕಿತ್ತು. ವೇಗದ ಗಾಡಿ ಅಲ್ಲಿ ನಿಲ್ಲುವುದಿಲ್ಲ, ನಿಧಾನದ ಗಾಡಿಯನ್ನೇ ಹಿಡಿಯಬೇಕು. ಫಲಕವನ್ನು ಓದಲು ನಾವು ಐದು ನಿಮಿಷ ತೆಗೆದುಕೊಂಡೆವು. ನಮ್ಮ ಪಕ್ಕದವರು ಅದರ ಕಡೆಗೆ ಕಣ್ಣೆತ್ತದೆ ಹತ್ತಿ ಕುಳಿತರು. ಊರವನು ಬೆನ್ನಿನ ಚೀಲವನ್ನು ಎದೆಗೆ ತಂದುಕೊಂಡು ಹತ್ತುತ್ತಾನೆ, ಅದು ಇನ್ನೊಬ್ಬರ ಮುಖಕ್ಕೆ ತಾಗಬಾರದೆಂದು. ಇಳಿಯುವ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮು ಎಡಕ್ಕೆ ಬರುತ್ತದೆಯೋ ಬಲಕ್ಕೆ ಬರುತ್ತದೆಯೋ ಎಂಬುದು ಅವನಿಗೆ ಗೊತ್ತಿರುತ್ತದೆ. ಹಿಂದಿನ ನಿಲ್ದಾಣ ಬಿಟ್ಟೊಡನೆ ಆ ಬಾಗಿಲಿನತ್ತ ಸರಿಯತೊಡಗುತ್ತಾನೆ. ಮೂವರು ಕೂರುವ ಆಸನದಲ್ಲಿ ನಾಲ್ಕನೆಯವನಿಗೆ ಅಂಚಿನಲ್ಲಿ ಜಾಗ ಬಿಡುವುದು ಅಲ್ಲಿಯ ಅಲಿಖಿತ ಶಾಸನ. ಇದಕ್ಕೆ ಮಾತು ಬೇಡ, ಕೈಸನ್ನೆಯೂ ಬೇಡ. ನಿಂತವನು ಹತ್ತಿರ ಬಂದರೆ ಕುಳಿತ ಮೂವರೂ ತುಸು ಸರಿಯುತ್ತಾರೆ.

ನಮ್ಮ ವಿದ್ಯಾರ್ಥಿಗಳಿಗೆ ಮೊದಲ ದಿನ ಇದು ಒರಟುತನವಾಗಿ ಕಂಡಿತು. 'ಯಾರೂ ನಗೂದಿಲ್ಲ, ಯಾರೂ ಮಾತಾಡ್ಸೂದಿಲ್ಲ' ಎಂಬ ದೂರು ಸಂಜೆಯವರೆಗೂ ನಡೆಯಿತು. ನಮ್ಮ ಊರುಗಳಲ್ಲಿ ಎದುರಾದವರನ್ನು 'ಎಲ್ಲಿಗ್ರಿ?' ಎಂದು ಕೇಳದೆ ಮುಂದೆ ಹೋಗುವುದು ಅಪಚಾರ. ಅಲ್ಲಿ ಹಾಗೆ ಕೇಳಿ ನಿಲ್ಲಿಸುವುದೇ ಅಪಚಾರ. ಜರ್ಮನಿಯ ಸಮಾಜಚಿಂತಕ ಗಿಯೋರ್ಗ್ ಜಿಮ್ಮೆಲ್ 1903ರಷ್ಟು ಹಿಂದೆಯೇ ಮಹಾನಗರದ ಮನೋಜೀವನವನ್ನು ಕುರಿತ ತನ್ನ ಪ್ರಬಂಧದಲ್ಲಿ ಈ ಬಿಗುಮಾನದ ಕಾರಣವನ್ನು ವಿವರಿಸಿದ್ದಾನೆ. ದಿನವೊಂದಕ್ಕೆ ಸಾವಿರಾರು ಅಪರಿಚಿತ ಮುಖಗಳಿಗೆ ಎದುರಾಗುವ ಮನಸ್ಸು ಪ್ರತಿಯೊಂದಕ್ಕೂ ಸ್ಪಂದಿಸಹೊರಟರೆ ಒಡೆದುಹೋಗುತ್ತದೆ. ಆದ್ದರಿಂದ ಅದು ತನ್ನನ್ನು ಕಾಪಾಡಿಕೊಳ್ಳಲು ಒಂದು ದೂರವನ್ನು ಕಲ್ಪಿಸಿಕೊಳ್ಳುತ್ತದೆ. ಲೋಕಲ್ ಗಾಡಿಯ ಮೌನ ಅಂಥದು. ಅದು ಪ್ರೀತಿಯ ಅಭಾವವಲ್ಲ, ಮಿತವ್ಯಯ.

ಅಭಾವವಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ 2005ರ ಜುಲೈ 26ರ ಮಳೆಯನ್ನು ನೆನೆಯಬಹುದು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಗಾಡಿಗಳು ನಿಂತವು, ರಸ್ತೆಗಳು ಮುಳುಗಿದವು. ಲಕ್ಷಾಂತರ ಜನ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಬೇಕಾಯಿತು. ಅವರಿಗೆ ದಾರಿಯುದ್ದಕ್ಕೂ ಚಹ, ಬಿಸ್ಕೀಟು, ರಾತ್ರಿ ಕಳೆಯಲು ಸೂರು ಕೊಟ್ಟವರು ಅದೇ 'ಮಾತಾಡಿಸದ' ಜನ. ಓಡುತ್ತ ಬಂದವನನ್ನು ಒಳಗೆಳೆದುಕೊಳ್ಳಲು ಗಾಡಿಯ ಬಾಗಿಲಿನಿಂದ ಚಾಚುವ ಕೈಯೂ ಅವರದೇ. ಮುಖವನ್ನು ನೋಡಿ ನಗದವರು ಕೈ ಹಿಡಿಯಬಲ್ಲರು. ನೋಡಬಂದವನಿಗೆ ಮೂರು ದಿನಗಳಲ್ಲಿ ಕಾಣುವುದು ಮುಖವೇ ಹೊರತು ಕೈಯಲ್ಲ.

ಹಾಗೆಂದು ಊರವನ ಪಕ್ಷವನ್ನೇ ಹಿಡಿಯಲಾಗದು. ನಿಲ್ದಾಣದ ಮುಂದೆ ನಾವು ತಲೆಯೆತ್ತಿ ನಿಂತ ಹತ್ತು ನಿಮಿಷಗಳಲ್ಲಿ ನಮ್ಮನ್ನು ದಾಟಿಹೋದ ಸಾವಿರಾರು ಜನರಲ್ಲಿ ಒಬ್ಬರಾದರೂ ಆ ಕಟ್ಟಡದತ್ತ ಕಣ್ಣು ಹಾಯಿಸಿದ್ದನ್ನು ನಾನು ಕಾಣಲಿಲ್ಲ. 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಸೌಧ ಅವರ ಪಾಲಿಗೆ ಗಾಡಿ ಹಿಡಿಯುವ ಜಾಗ ಮಾತ್ರ. ಊರವನು ಮುಂದೆ ನೋಡುತ್ತಾನೆ, ನೋಡಬಂದವನು ಮೇಲೆ ನೋಡುತ್ತಾನೆ. ಮುಂದೆ ನೋಡದವನು ಎಡವುತ್ತಾನೆ. ಮೇಲೆ ನೋಡದವನು ತಾನಿರುವ ಊರನ್ನೇ ಕಳೆದುಕೊಳ್ಳುತ್ತಾನೆ. ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಂತಾಗ ಈ ಮಾತಿಗೆ ಇನ್ನೊಂದು ಅರ್ಥ ಹೊಳೆಯಿತು. ಮುಂಬಯಿಯ ಗುರುತೆಂದು ಎಲ್ಲರೂ ಭಾವಿಸುವ ಆ ಕಮಾನು ಎದ್ದದ್ದು 1911ರಲ್ಲಿ ಬಂದಿಳಿದ ದೊರೆ ದಂಪತಿಗಳ ನೆನಪಿಗಾಗಿ. ಕೆಲಸ ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಹಡಗೇರಿದ್ದು ಅದೇ ಬಾಗಿಲಿನ ಮೂಲಕ. ಬಂದವರಿಗಾಗಿ ಕಟ್ಟಿದ್ದು ಉಳಿದವರ ಗುರುತಾಗಿದೆ.

ಈ ಎರಡು ನೋಟಗಳೂ ಒಬ್ಬನಲ್ಲಿ ಕೂಡಿದಾಗ ಸಾಹಿತ್ಯ ಹುಟ್ಟುತ್ತದೆಯೆಂದು ನಮ್ಮ ಪಠ್ಯಗಳೇ ತೋರಿಸಿಕೊಟ್ಟಿವೆ. ಯಶವಂತ ಚಿತ್ತಾಲರು ಹನೇಹಳ್ಳಿಯಿಂದಲೂ ಜಯಂತ ಕಾಯ್ಕಿಣಿಯವರು ಗೋಕರ್ಣದಿಂದಲೂ ಮುಂಬಯಿಗೆ ಹೋದವರು. ಇಬ್ಬರೂ ಅಲ್ಲಿ ದುಡಿದರು, ವರುಷಗಟ್ಟಲೆ ಬಾಳಿದರು, ಊರವರಾದರು. ಆದರೆ ಮೊದಲ ದಿನ ತಲೆಯೆತ್ತಿ ನೋಡಿದ ಕಣ್ಣನ್ನು ಅವರು ಕಳೆದುಕೊಳ್ಳಲಿಲ್ಲ. 1979ರಲ್ಲಿ ಬಂದ ಚಿತ್ತಾಲರ 'ಶಿಕಾರಿ'ಯ ನಾಗಪ್ಪನಿಗೆ ನಗರದ ಒಳಸುಳಿಗಳು ಗೊತ್ತು, ಅದೇ ವೇಳೆಗೆ ಅವನು ಅಲ್ಲಿ ಪರಕೀಯ. ಕಾಯ್ಕಿಣಿಯವರ ಮುಂಬಯಿ ಕಥೆಗಳ ಜನ ನಗರದ ಸಂದಿಗೊಂದಿಗಳನ್ನು ಬಲ್ಲವರು. ಕಥೆಗಾರನ ಬೆರಗು ಮಾತ್ರ ಈಗತಾನೇ ಬಂದಿಳಿದವನದು. ಕೇವಲ ಊರವನಾಗಿದ್ದರೆ ಬರೆಯಬೇಕೆಂದೇ ಅನಿಸುತ್ತಿರಲಿಲ್ಲ; ಕೇವಲ ನೋಡಬಂದವನಾಗಿದ್ದರೆ ಬರೆದದ್ದು ಪ್ರವಾಸದ ಟಿಪ್ಪಣಿಯಾಗಿ ಉಳಿಯುತ್ತಿತ್ತು.

ಇಷ್ಟರವರೆಗಿನದು ಮುಂಬಯಿಯ ಮಾತು. ಇನ್ನು ನಮ್ಮ ಮಾತು.

ಅದೇ ಮಾಟುಂಗದ ಗಾಡಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಏನನ್ನೋ ವಿವರಿಸುತ್ತಿದ್ದೆ. ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ ಅಂದಳು: "ಸರ್, ಸಣ್ಣ ದನಿಯಾಗ ಮಾತಾಡ್ರಿ, ಮಂದಿ ನೋಡಾಕ ಹತ್ಯಾರ." ನಾನು ದನಿ ತಗ್ಗಿಸಿದೆ. ತಗ್ಗಿಸಿದ ಮೇಲೆ ಸುತ್ತ ನೋಡಿದೆ. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಆ ಡಬ್ಬಿಯಲ್ಲಿ ಗುಜರಾತಿ, ಭೋಜಪುರಿ, ತಮಿಳು, ಮರಾಠಿ ಎಲ್ಲವೂ ತಮ್ಮ ಸಹಜ ದನಿಯಲ್ಲಿ ನಡೆದಿದ್ದವು. ಅಡಗಿಕೊಂಡದ್ದು ನಮ್ಮದೊಂದೇ. ಮರುದಿನ ಇದನ್ನೇ ಕೇಳಿದಾಗ ಇನ್ನೂ ಒಂದು ಸಂಗತಿ ಹೊರಬಿತ್ತು: ಇಬ್ಬರು ವಿದ್ಯಾರ್ಥಿನಿಯರು ತಾಯಿ ಕೊಟ್ಟ ಇಳಕಲ್ಲ ಸೀರೆಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲವಂತೆ, 'ಹಳ್ಯಾಗಿನವರು ಅಂತಾರ' ಎಂದು.

ಮಾಟುಂಗದಲ್ಲಿ ನಾವು ಊಟಕ್ಕೆ ಹೋದದ್ದು ಕರಾವಳಿಯವರ ಒಂದು ಹಳೆಯ ಉಡುಪಿ ಹೋಟೆಲಿಗೆ. ಗಲ್ಲೆಯಲ್ಲಿದ್ದ ಹಿರಿಯರು ನಮ್ಮ ಮಾತನ್ನು ಕೇಳಿ ಸಂತೋಷಪಟ್ಟು, "ಯಾವ ಊರಾಯ್ತು ನಿಮ್ಮದು?" ಎಂದು ವಿಚಾರಿಸಿದರು. ಅಕ್ಕಲಕೋಟದ ಕಡೆಯವರೆಂದೆವು. ಅವರು ಅಚ್ಚರಿಯಿಂದ ಹೇಳಿದರು: "ಅಕ್ಕಲಕೋಟಕ್ಕೆ ನಾನು ನಾಲ್ಕೈದು ಸಲ ಬಂದಿದ್ದೇನೆ ಮಾರಾಯ್ರೆ, ಸ್ವಾಮಿಗಳ ದರ್ಶನಕ್ಕೆ. ಅಲ್ಲಿ ಕನ್ನಡ ಮಾತಾಡ್ತಾರೆ ಅಂತ ನನಗೆ ಗೊತ್ತೇ ಇಲ್ಲ!"

ವಿದ್ಯಾರ್ಥಿಗಳು ನಕ್ಕರು. ನನಗೆ ನಗು ಬರಲಿಲ್ಲ. ಕನ್ನಡವೇ ಮನೆಮಾತಾಗಿರುವ ಒಬ್ಬರು ಕನ್ನಡದ ಊರೊಂದಕ್ಕೆ ನಾಲ್ಕೈದು ಸಲ ಬಂದು, ಉಂಡು, ತಂಗಿ, ಒಂದು ಕನ್ನಡದ ಮಾತನ್ನೂ ಕೇಳದೆ ಮರಳಿದ್ದಾರೆ. ಇದು ಅವರ ತಪ್ಪಲ್ಲ. ಆಟೋದವನು ಮರಾಠಿಯಲ್ಲಿ ಕರೆದಿರಬೇಕು, ಹೂವಿನವಳು ಮರಾಠಿಯಲ್ಲಿ ಬೆಲೆ ಹೇಳಿರಬೇಕು, ಚಹದ ಅಂಗಡಿಯವನು ಹಿಂದಿಯಲ್ಲಿ ಚಿಲ್ಲರೆ ಕೇಳಿರಬೇಕು. ಬಂದವರು ಬೆನ್ನು ತಿರುಗಿಸಿದ ಮೇಲೆ ಅವರೆಲ್ಲರೂ ತಮ್ಮತಮ್ಮೊಳಗೆ ಕನ್ನಡದಲ್ಲಿಯೇ ಮಾತಾಡಿಕೊಂಡಿರುತ್ತಾರೆ. ಆ ಮಾತು ಬಂದವರ ಕಿವಿಗೆ ಬೀಳುವುದಿಲ್ಲ. ದೊಡ್ಡ ನಗರದಲ್ಲಿ ನೋಡಬಂದವನು ಎದ್ದು ಕಾಣುತ್ತಾನೆ, ಊರವನು ಕರಗಿರುತ್ತಾನೆ. ನಮ್ಮಲ್ಲಿ ಊರವನು ಕರಗಿರುವುದು ತನ್ನ ಊರಿನೊಳಗಲ್ಲ, ನೋಡಬಂದವನ ನುಡಿಯೊಳಗೆ.

ಇದು ಸೌಜನ್ಯವಲ್ಲವೇ ಎಂದು ಕೇಳಬಹುದು. ಹೌದು, ಅದರ ಮೂಲ ಸೌಜನ್ಯವೇ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ಹೊಗಳುವಾಗ, ಹದವರಿತು ನುಡಿಯಬಲ್ಲವರು, ಇತರರು ನುಡಿದುದನ್ನು ಅರಿತು ಪರಿಭಾವಿಸಬಲ್ಲವರು ಎನ್ನುತ್ತದೆ. ನಮ್ಮ ಸೊಲ್ಲಾಪುರ ಸೀಮೆ ಆ ಎರಡು ನದಿಗಳ ನಡುವೆಯೇ ಇದೆ. ಸಂತೆಯಲ್ಲಿ ಒಂದೇ ಉಸಿರಿಗೆ ಕನ್ನಡ, ಮರಾಠಿ, ತೆಲುಗು, ದಖನಿಗಳನ್ನು ಆಡುವ ನಮ್ಮ ವ್ಯಾಪಾರಿಗಳು ಆ ಹೊಗಳಿಕೆಗೆ ಇಂದಿಗೂ ಅರ್ಹರು. ಮರಾಠಿ ನಮಗೆ ಪರಕೀಯವಲ್ಲ. ಅದು ನೆರೆಮನೆಯ, ಎಷ್ಟೋ ಕುಟುಂಬಗಳಲ್ಲಿ ಒಳಮನೆಯ ನುಡಿ. ಅದನ್ನು ಚೆನ್ನಾಗಿ ಕಲಿತಿರುವುದು ನಮ್ಮ ಸಂಪತ್ತು. ಆದರೆ ಇತರರ ನುಡಿಯನ್ನು ಆಡಬಲ್ಲೆನೆಂಬ ಸಾಮರ್ಥ್ಯ ಬೇರೆ, ನನ್ನ ನುಡಿ ಇತರರ ಕಿವಿಗೆ ಬೀಳಬಾರದೆಂಬ ಅಂಜಿಕೆ ಬೇರೆ. ಮೊದಲನೆಯದು ಸೌಜನ್ಯ. ಎರಡನೆಯದಕ್ಕೆ ನಾವು ಸೌಜನ್ಯದ ಹೆಸರನ್ನಿಟ್ಟು ಮುಚ್ಚಿದ್ದೇವೆ.

ಇದರ ಬೆಲೆಯನ್ನು ನಾವು ಇನ್ನೊಂದು ಕಡೆಯಲ್ಲಿಯೂ ತೆರುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ವಿಚಾರಸಂಕಿರಣಕ್ಕಾಗಿ ಬೆಂಗಳೂರಿಗೆ ಹೋಗಿದ್ದೆ. ನನ್ನ ಪ್ರಬಂಧವನ್ನು ಕೇಳಿದ ಸಜ್ಜನರೊಬ್ಬರು ಚಹದ ವೇಳೆಗೆ ಬಂದು ಕೈಕುಲುಕಿ, "ಮಹಾರಾಷ್ಟ್ರದವರಾಗಿ ಇಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಲ್ಲ!" ಎಂದು ಅಭಿನಂದಿಸಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ನಾನು ಕನ್ನಡವನ್ನು ಕಲಿಯಲಿಲ್ಲ, ಅದರಲ್ಲಿ ಹುಟ್ಟಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಮುಂಬಯಿಯಲ್ಲಿ ನಾವು ಕನ್ನಡದವರಾಗಿ ನೋಡಬಂದವರು. ಬೆಂಗಳೂರಿನಲ್ಲಿ ಮಹಾರಾಷ್ಟ್ರದವರಾಗಿ ನೋಡಬಂದವರು. ಊರವರಾಗಿ ಇರಬಹುದಾದ ಸ್ಥಳ ಒಂದೇ ಉಳಿಯಿತು, ನಮ್ಮ ಊರು. ಅಲ್ಲಿಯೂ ನಾವು ದನಿ ತಗ್ಗಿಸಿದರೆ ಉಳಿಯುವುದೇನು? ಸಿದ್ಧರಾಮನ ಸೊನ್ನಲಿಗೆ, ಜಯದೇವಿತಾಯಿ ಲಿಗಾಡೆಯವರ ಸೊಲ್ಲಾಪುರ ಎಂದು ನಾವು ತರಗತಿಯಲ್ಲಿ ಹೇಳಿಕೊಳ್ಳುತ್ತೇವೆ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆ ಈ ನೆಲದವರು. ತರಗತಿಯ ಹೊರಗೆ ಆ ನೆಲದ ನುಡಿ ಕೇಳದಿದ್ದರೆ ಈ ಹೆಸರುಗಳು ಪರೀಕ್ಷೆಯ ಉತ್ತರಗಳಾಗಿ ಮಾತ್ರ ಬದುಕುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಊರವನಾಗುವುದೆಂದರೆ ಬಂದವನ ಮೇಲೆ ಎರಗುವುದಲ್ಲ. ನುಡಿಯ ಹೆಸರಿನಲ್ಲಿ ಅಂಗಡಿಯವನನ್ನು ಗದರಿಸುವ, ಪ್ರಯಾಣಿಕನನ್ನು ಅವಮಾನಿಸುವ ಸುದ್ದಿಗಳು ದೊಡ್ಡ ನಗರಗಳಿಂದ ಬರುತ್ತಲೇ ಇರುತ್ತವೆ. ಅವು ಗಡಿಯಲ್ಲಿರುವ ನಮ್ಮನ್ನು ಮೊದಲು ಸುಡುತ್ತವೆ. 'ಶೂನ್ಯಸಂಪಾದನೆ'ಯ ಒಂದು ಪ್ರಸಂಗವನ್ನು ನೀವೆಲ್ಲರೂ ಓದಿದ್ದೀರಿ. ಕೆರೆಯ ಕೆಲಸ ನಡೆದಿದ್ದ ಸೊನ್ನಲಿಗೆಗೆ ಅಲ್ಲಮಪ್ರಭು ಬರುತ್ತಾನೆ. ಬಂದವನು ಊರಿನ ಹಿರಿಯನಾದ ಸಿದ್ಧರಾಮನನ್ನು ಒಡ್ಡನೆಂದು ಹಳಿದು ಕರೆಯುತ್ತಾನೆ. ಕೆರಳಿದ ಕೆಲಸಗಾರರು ಅವನ ಮೇಲೆ ಕಲ್ಲು ತೂರುತ್ತಾರೆ. ಅದರ ಆಧ್ಯಾತ್ಮಿಕ ಅರ್ಥ ಬೇರೆ. ಲೌಕಿಕವಾಗಿ ನೋಡಿದರೆ ನಮ್ಮ ಈ ವಿಷಯವೇ ಅಲ್ಲಿದೆ. ಬಂದವನ ನಡೆ ಊರಿಗೆ ಒಗ್ಗಲಿಲ್ಲ, ಊರವರ ಕೈಗೆ ಕಲ್ಲು ಬಂತು. ಕಥೆ ಅಲ್ಲಿಗೇ ನಿಂತಿದ್ದರೆ ಅದು ಜಗಳದ ಕಥೆಯಾಗುತ್ತಿತ್ತು. ಸಿದ್ಧರಾಮನು ಬಂದು ಎದುರಿಗೆ ನಿಂತು ಮಾತಿಗೆ ತೊಡಗಿದ್ದರಿಂದ ಅದು ಸಾಹಿತ್ಯವಾಯಿತು. ಕಲ್ಲೆತ್ತುವುದೂ ಬೇಡ, ಕೆರೆಯ ದಂಡೆಯ ಹಿಂದೆ ಅಡಗುವುದೂ ಬೇಡ. ಎದುರಿಗೆ ನಿಂತು ಮಾತಾಡುವುದೊಂದು ಮೂರನೆಯ ದಾರಿ ಇದೆ.

ಆ ದಾರಿ ನಿತ್ಯಜೀವನದಲ್ಲಿ ಹೇಗಿರಬಹುದು? ದೊಡ್ಡ ಕಾರ್ಯಕ್ರಮಗಳನ್ನು ನಾನು ಸೂಚಿಸುತ್ತಿಲ್ಲ. ಅಕ್ಕಲಕೋಟದ ಬೀದಿಯಲ್ಲಿ ಭಕ್ತರೊಬ್ಬರು ಮರಾಠಿಯಲ್ಲಿ ದಾರಿ ಕೇಳಿದರೆ ಮರಾಠಿಯಲ್ಲಿಯೇ ಹೇಳಿ, ಗೌರವದಿಂದ ಹೇಳಿ. ಆದರೆ ಪಕ್ಕದಲ್ಲಿರುವ ನಿಮ್ಮ ಗೆಳೆಯನೊಂದಿಗೆ ಆಡುವ ಮಾತನ್ನು ಅವರ ಮುಂದೆಯೂ ಕನ್ನಡದಲ್ಲಿ, ಎಂದಿನ ದನಿಯಲ್ಲಿ ಆಡಿ. 'ಇದು ಯಾವ ಭಾಷೆ?' ಎಂದು ಅವರು ಕೇಳಿದರೆ ಅದು ಅವಮಾನವಲ್ಲ, ಅವಕಾಶ. ನಿಮ್ಮ ಅಂಗಡಿಯಿದ್ದರೆ ಶೇಂಗಾ ಚಟ್ನಿಯನ್ನು, ಚಾದರವನ್ನು ಕೊಳ್ಳಲು ಬಂದವರಿಗೆ ಅದರ ನಮ್ಮ ಹೆಸರನ್ನೂ ಹೇಳಿ ಕೊಡಿ. ಅಜ್ಜಿಯ ಸೀರೆ, ಕುಬಸ, ಅಜ್ಜನ ಪಟಕಾ, ಧೋತರಗಳ ಅಂಚು, ಬಣ್ಣ, ಉಡುವ ವಿಧಾನಗಳಿಗೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಳಕೆಯಲ್ಲಿರುವ ಪದಗಳನ್ನು ಬರೆದಿಟ್ಟುಕೊಳ್ಳಿ. ಐಚ್ಛಿಕ ಕನ್ನಡದ ವಿದ್ಯಾರ್ಥಿ ಮಾಡಬಹುದಾದ ಕ್ಷೇತ್ರಕಾರ್ಯದಲ್ಲಿ ಇದಕ್ಕಿಂತ ಸಮೀಪದ್ದು ಇನ್ನೊಂದಿಲ್ಲ. ಮತ್ತು ಒಂದು ಗುರುವಾರ, ನಿಮ್ಮೂರಿಗೆ ನೋಡಬಂದವರಂತೆ ನೀವೇ ಒಮ್ಮೆ ಹೋಗಿ, ಮೇಲೆ ನೋಡಿ. ಅರಮನೆಯ ಬಾಗಿಲನ್ನು, ಶಿಲಾಲೇಖವಿರುವ ಗುಡಿಯ ಕಂಬವನ್ನು ಗಾಡಿ ಹಿಡಿಯುವ ಅವಸರದಲ್ಲಿ ನಾವೂ ಎಷ್ಟೋ ವರ್ಷಗಳಿಂದ ನೋಡಿಲ್ಲ.

ನಗರದ ನಿವಾಸಿಯಿಂದ ನಾವು ಕಲಿಯಬೇಕಾದದ್ದು ಅವನ ಬಟ್ಟೆಯಲ್ಲಿಲ್ಲ. ತಾನು ನಿಂತ ನೆಲದ ಮೇಲೆ ತನಗೆ ಹಕ್ಕಿದೆಯೆಂಬುದನ್ನು ಯಾರಿಗೂ ಸಾರದೆ ನಡೆಯಬಲ್ಲ ಅವನ ನಿಶ್ಚಿಂತೆಯನ್ನು ಕಲಿಯಬೇಕು. ನಾಲ್ಕನೆಯವನಿಗೆ ಜಾಗ ಬಿಡುವ ಅವನ ಶಿಸ್ತನ್ನು ಕಲಿಯಬೇಕು. ನೋಡಬಂದವನಿಂದ ಕಲಿಯಬೇಕಾದದ್ದು ಅವನ ಬೆರಗನ್ನು. ಇವೆರಡರಲ್ಲಿ ಯಾವುದಕ್ಕೂ ನಮ್ಮ ನುಡಿಯನ್ನಾಗಲಿ ಸೀರೆಯನ್ನಾಗಲಿ ಪೆಟ್ಟಿಗೆಯಲ್ಲಿಟ್ಟು ಹೊರಡಬೇಕಾದ ಅಗತ್ಯವಿಲ್ಲ.

ಜತ್ತದ ಆ ವಿದ್ಯಾರ್ಥಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ನೀನು ಹೊರಗಿನವನೆಂದು ಅವರಿಗೆ ಗೊತ್ತಾದದ್ದು ನಿನ್ನ ಅಂಗಿಯಿಂದಲ್ಲ, ನೀನು ದಾರಿಯ ನಡುವೆ ನಿಂತದ್ದರಿಂದ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ, ನೋಡಬೇಕಾದದ್ದನ್ನೇ ನೀನು ನೋಡುತ್ತಿದ್ದೆ. ಮುಂದಿನ ಸಲ ಹೋದಾಗ ಒಂದು ಹೆಜ್ಜೆ ಗೋಡೆಯ ಕಡೆಗೆ ಸರಿದು ನಿಲ್ಲು, ಕೆಲಸಕ್ಕೆ ಹೋಗುವವರಿಗೆ ದಾರಿ ಬಿಡು, ಆಮೇಲೆ ಬೇಕಾದಷ್ಟು ಹೊತ್ತು ತಲೆಯೆತ್ತಿ ನೋಡು. ಕಂಡದ್ದನ್ನು ಪಕ್ಕದವನಿಗೆ ಹೇಳುವಾಗ ದನಿ ತಗ್ಗಿಸಬೇಡ.